ಸಹಸ್ರನಾಮ ಬರುತ್ತೆ, ‘ಕಾಫಿ’ ಬರಲ್ಲ: ಟೆಸ್ಟಿಂಗ್ ಕೆಲಸದಿಂದ ಸ್ಪೀಚ್ ಥೆರಪಿಗೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ನಾನು ಮಲ್ಲೇಶ್ವರದ ಹುಡುಗಿ. ಹುಡುಗಿ ಅಂದ್ರೆ, ಈಗ ನಲವತ್ತರ ಹತ್ತಿರ. 15ನೇ ಕ್ರಾಸ್‌ನ ಎಂಇಎಸ್‌ನಲ್ಲಿ ಪಿಯುಸಿ, ಆಮೇಲೆ ಎಂಜಿನಿಯರಿಂಗ್, ಆಮೇಲೆ ಒಂಬತ್ತು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್. ಈಗ ಅಮೆರಿಕದ ನ್ಯೂಜೆರ್ಸಿಯಲ್ಲಿ ಸ್ಪೀಚ್ ಲ್ಯಾಂಗ್ವೇಜ್ ಪೆಥಾಲಜಿಸ್ಟ್. ಈ ಎರಡರ ಮಧ್ಯೆ ಏನಾಯ್ತು ಅಂತ ಹೇಳಿ ಅಂತ ಈ ಪಾಡ್‌ಕಾಸ್ಟ್‌ನವರು ಕೇಳಿದ್ರು. ಅದಕ್ಕೇ ಬಂದಿದ್ದೀನಿ.

ಮೊದಲು ಒಂದು ವಿಷಯ. ಸ್ಪೀಚ್ ಥೆರಪಿ ಅಂದ ತಕ್ಷಣ ನಮ್ಮಲ್ಲಿ ‘ಓ, ಉಗ್ಗೋ ಮಕ್ಕಳಿಗೆ ಹೇಳಿಕೊಡೋದಾ’ ಅಂತಾರೆ. ಅದೂ ಹೌದು. ಆದ್ರೆ ಮಾತು ತಡವಾದ ಮಗು, ಆಟಿಸಂ ಇರೋ ಮಗು, ಗಂಟಲು ಕಟ್ಟಿಹೋದ ಟೀಚರ್, ಪಾರ್ಶ್ವವಾಯು ಆಗಿ ಮಾತು ಹೋದ ಅಜ್ಜ, ಇವರೆಲ್ಲ ನಮ್ಮ ಹತ್ತಿರ ಬರ್ತಾರೆ. ಊಟ ನುಂಗೋಕೆ ಕಷ್ಟ ಆಗೋರೂ ಬರ್ತಾರೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಮಾತಾಡೋದೂ ನುಂಗೋದೂ ಅದೇ ತುಟಿ, ಅದೇ ನಾಲಿಗೆ, ಅದೇ ಗಂಟಲಿನಿಂದ ತಾನೇ?

ನನಗೂ ಇದೆಲ್ಲ ಮೊದಲು ಗೊತ್ತಿರಲಿಲ್ಲ. 2018ರಲ್ಲಿ ಗಂಡನಿಗೆ ಕೆಲಸ ಸಿಕ್ಕಿ ಅಲ್ಲಿಗೆ ಹೋದ್ವಿ. ನನ್ನದು ಎಚ್-4 ವೀಸಾ. ಅಂದ್ರೆ ಡಿಪೆಂಡೆಂಟ್. ಓದಬಹುದು, ದುಡಿಯೋ ಹಾಗಿಲ್ಲ. ಆ ‘ಡಿಪೆಂಡೆಂಟ್’ ಅನ್ನೋ ಪದ ಇದೆಯಲ್ಲ, ಒಂಬತ್ತು ವರ್ಷ ನನ್ನ ಸಂಬಳದ ಸ್ಲಿಪ್ ನಾನೇ ನೋಡ್ಕೊಂಡಿದ್ದವಳಿಗೆ ಅದು ಚೆನ್ನಾಗೇ ಚುಚ್ಚುತ್ತೆ. ಇರಲಿ.

2019ರಲ್ಲಿ ಅಪ್ಪನಿಗೆ ಸ್ಟ್ರೋಕ್ ಆಯ್ತು. ಮಿದುಳಿನ ಎಡಭಾಗ. ನಾನು ಬರೋ ಹೊತ್ತಿಗೆ ಆಸ್ಪತ್ರೆಯಿಂದ ಮನೆಗೆ ಬಂದಿದ್ರು. ಬಲಗೈ ಅಷ್ಟಾಗಿ ಆಡ್ತಿರಲಿಲ್ಲ, ಮಾತು ಪೂರ್ತಿ ನಿಂತುಹೋಗಿತ್ತು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ, ದಿನಾ ಸಂಜೆ ಸ್ಯಾಂಕಿ ಕೆರೆ ಸುತ್ತ ಗೆಳೆಯರ ಜೊತೆ ವಾದ ಮಾಡ್ತಾ ನಡೀತಿದ್ದ ಮನುಷ್ಯ. ಲೋಟ ತೋರಿಸಿ ‘ಇದೇನಪ್ಪಾ’ ಅಂದ್ರೆ ಬಾಯಿ ತೆರೀತಾರೆ, ಏನೋ ಬೇರೆ ಶಬ್ದ ಬರುತ್ತೆ, ತಪ್ಪು ಅಂತ ಅವರಿಗೇ ಗೊತ್ತಾಗುತ್ತೆ, ಕಣ್ಣಲ್ಲಿ ನೀರು. ನೋಡೋಕೆ ಬಂದ ನೆಂಟರು ಅಪ್ಪನ ಎದುರಿಗೇ ಅಮ್ಮನಿಗೆ ‘ಬುದ್ಧಿ ಸ್ವಾಧೀನದಲ್ಲಿಲ್ಲ ಅಲ್ವಾ’ ಅಂತ ಕೇಳೋರು.

ಆದ್ರೆ ಒಂದು ದಿನ ಬೆಳಿಗ್ಗೆ ಅಮ್ಮ ದೇವರ ಮುಂದೆ ವಿಷ್ಣು ಸಹಸ್ರನಾಮ ಹೇಳ್ತಿದ್ರು. ಹಾಲ್‌ನಿಂದ ಅಪ್ಪನ ದನಿ ಸೇರಿತು. ತಡವರಿಸದೆ, ಸಾಲು ಸಾಲಾಗಿ. ನಾವು ಓಡಿ ಬಂದು ‘ಕಾಫಿ ಬೇಕಾ’ ಅಂದ್ವಿ. ‘ಕಾಫಿ’ ಅನ್ನೋ ಎರಡು ಅಕ್ಷರ ಬರಲಿಲ್ಲ! ಅಮ್ಮ ಅದನ್ನ ದೇವರ ಮಹಿಮೆ ಅಂದ್ರು. ಮನೆಗೆ ಬರ್ತಿದ್ದ ಸ್ಪೀಚ್ ಥೆರಪಿಸ್ಟ್, ಇಪ್ಪತ್ನಾಲ್ಕು ಇಪ್ಪತ್ತೈದರ ಹುಡುಗಿ, ಮೈಸೂರಲ್ಲಿ ಓದಿದ್ದೋಳು, ಅವಳು ಅಮ್ಮನ ಮಾತಿಗೆ ಎದುರಾಡಲಿಲ್ಲ. ನನ್ನನ್ನ ಪಕ್ಕಕ್ಕೆ ಕರೆದು ವಿವರಿಸಿದಳು. ಇದಕ್ಕೆ ಅಫೇಸಿಯಾ ಅಂತಾರೆ ಅಕ್ಕಾ. ಯೋಚನೆ ಇದೆ, ಅದಕ್ಕೆ ತಕ್ಕ ಪದ ಹುಡುಕಿ ತರೋ ದಾರಿ ಕೆಟ್ಟಿದೆ. ವರ್ಷಗಟ್ಟಲೆ ಹೇಳಿ ಹೇಳಿ ರೂಢಿಯಾದ ಶ್ಲೋಕ, ಹಾಡು, ಒಂದು ಎರಡು ಮೂರು, ಭಾನುವಾರ ಸೋಮವಾರ, ಇವೆಲ್ಲ ಎಷ್ಟೋ ಜನರಲ್ಲಿ ಉಳಿದಿರುತ್ತೆ. ಹೊಸದಾಗಿ ಒಂದು ಮಾತು ಕಟ್ಟೋದು ಬೇರೆ ಕೆಲಸ, ಅಂತ.

ಅವಳು ವಾರಕ್ಕೆ ಮೂರು ದಿನ ಬರ್ತಿದ್ದಳು. ನಾನು ಪಕ್ಕದಲ್ಲಿ ಕೂತು ನೋಡ್ತಿದ್ದೆ. ಹತ್ತು ಚಿತ್ರ ತೋರಿಸೋಳು. ಎಷ್ಟು ತಾನಾಗೇ ಬಂತು, ಎಷ್ಟಕ್ಕೆ ಮೊದಲ ಅಕ್ಷರ ಹೇಳಿಕೊಡಬೇಕಾಯ್ತು, ಎಷ್ಟು ಬರಲೇ ಇಲ್ಲ, ಎಲ್ಲ ಬರ್ಕೊಳ್ಳೋಳು. ಮುಂದಿನ ವಾರ ಮತ್ತೆ ಅದೇ. ನನಗೆ ಅನಿಸಿದ್ದು: ಅರೆ, ಇದು ಟೆಸ್ಟಿಂಗ್! ಯಾವ ಸಂದರ್ಭದಲ್ಲಿ ತಪ್ಪಾಗುತ್ತೆ, ಏನು ಬದಲಾಯಿಸಿದ್ರೆ ಸರಿ ಹೋಗುತ್ತೆ, ಪ್ರತಿ ಸಲ ದಾಖಲೆ. ಒಂದೇ ವ್ಯತ್ಯಾಸ, ಇಲ್ಲಿ ಎದುರಿಗೆ ಕೂತಿರೋದು ಅಪ್ಪ.

ವಾಪಸ್ ಹೋಗೋ ಮೊದಲು ಅವಳನ್ನ ಕೇಳಿದೆ, ‘ನಾನು ಇದನ್ನ ಓದಬಹುದಾ?’ ಅವಳು ನಕ್ಕಳು. ‘ಇಲ್ಲಿ ಆದ್ರೆ ಮೊದಲಿಂದ ಶುರು ಮಾಡ್ಬೇಕು ಅಕ್ಕಾ.’ ನಿಜ. ಭಾರತದಲ್ಲಿ ದಾರಿ ಹೀಗಿದೆ: ಪಿಯುಸಿ ವಿಜ್ಞಾನ ಆದ ಮೇಲೆ ಬಿಎಎಸ್‌ಎಲ್‌ಪಿ ಪದವಿ, ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ. ಅದರ ಮೇಲೆ ಎರಡು ವರ್ಷದ ಎಂಎಸ್‌ಸಿ. ಎಂಜಿನಿಯರಿಂಗ್ ಮಾಡಿದವರು ನೇರವಾಗಿ ಎಂಎಸ್‌ಸಿಗೆ ಹೋಗೋ ಹಾಗಿಲ್ಲ. ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ನೋಂದಣಿ ಇಲ್ಲದೆ ಪ್ರಾಕ್ಟೀಸ್ ಮಾಡೋ ಹಾಗೂ ಇಲ್ಲ, 1992ರ ಕಾಯ್ದೆ ಇದೆ. ನೀವು ಈಗ ಪಿಯುಸಿಲಿ ಇದ್ರೆ ನಿಮಗಿಂತ ಅದೃಷ್ಟವಂತರಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಎಲ್ಲರೂ ‘ಆಯಿಷ್’ ಅಂತಾರೆ. 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ದೇಶದ ಬೇರೆ ಬೇರೆ ಕಡೆಯಿಂದ ಮಕ್ಕಳು ಅಲ್ಲಿಗೆ ಓದೋಕೆ ಬರ್ತಾರೆ, ಬೆಂಗಳೂರಲ್ಲಿರೋ ನಮಗೆ ಅದರ ಹೆಸರೇ ಗೊತ್ತಿರಲ್ಲ. ನನಗೂ ಮೂವತ್ತು ದಾಟೋವರೆಗೆ ಗೊತ್ತಿರಲಿಲ್ಲ.

ಅಮೆರಿಕದಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಈ ಕೆಲಸಕ್ಕೆ ಮಾಸ್ಟರ್ಸ್ ಬೇಕೇ ಬೇಕು. ಆದ್ರೆ ಹಲವು ವಿಶ್ವವಿದ್ಯಾಲಯಗಳು ಬೇರೆ ವಿಷಯದಲ್ಲಿ ಪದವಿ ಮಾಡಿದವರನ್ನೂ ತಗೊಳ್ತಾವೆ, ಮೊದಲು ‘ಲೆವೆಲಿಂಗ್’ ಕೋರ್ಸ್ ಮುಗಿಸಿದ್ರೆ. ಫೊನೆಟಿಕ್ಸ್, ಮಾತಿನ ಅಂಗಾಂಗಗಳ ರಚನೆ, ಮಕ್ಕಳ ಭಾಷಾ ಬೆಳವಣಿಗೆ, ಶ್ರವಣ ವಿಜ್ಞಾನ, ಹೀಗೆ. ಜೊತೆಗೆ ವೃತ್ತಿ ಸಂಘ ಆಶಾ, ಸರ್ಟಿಫಿಕೇಟ್ ಕೊಡೋಕೆ ಜೀವಶಾಸ್ತ್ರ, ಸಂಖ್ಯಾಶಾಸ್ತ್ರ, ಸಮಾಜ ಅಥವಾ ಮನೋವಿಜ್ಞಾನ, ಮತ್ತೆ ಭೌತಶಾಸ್ತ್ರ ಇಲ್ಲವೇ ರಸಾಯನಶಾಸ್ತ್ರ ಓದಿರಬೇಕು ಅನ್ನುತ್ತೆ. ಎಂಜಿನಿಯರಿಂಗ್ ಮೊದಲ ವರ್ಷದ ಫಿಸಿಕ್ಸ್ ಜೀವನದಲ್ಲಿ ಮೊದಲ ಸಲ ಕೆಲಸಕ್ಕೆ ಬಂತು. ಬಯಾಲಜಿ ಮಾತ್ರ ಹತ್ತನೇ ಕ್ಲಾಸಿಗೇ ಬಿಟ್ಟಿದ್ದೆ. ಕಮ್ಯುನಿಟಿ ಕಾಲೇಜಲ್ಲಿ ಹದಿನೆಂಟರ ಮಕ್ಕಳ ಪಕ್ಕ ಕೂತು ಜೀವಕೋಶದ ಚಿತ್ರ ಬರೆದೆ.

ಅತ್ತೆ ಫೋನಲ್ಲಿ ಕೇಳಿದ್ರು, ‘ಇಷ್ಟು ಓದಿ, ಮಕ್ಕಳಿಗೆ ಅ ಆ ಇ ಈ ಹೇಳಿಕೊಡೋಕೆ ಹೋಗ್ತೀಯೇನಮ್ಮಾ?’ ಹೌದು ಅತ್ತೆ, ಹೆಚ್ಚು ಕಮ್ಮಿ ಅದೇ, ಅಂದೆ. ತಮಾಷೆ ಅಲ್ಲ. ಫೊನೆಟಿಕ್ಸ್ ಕ್ಲಾಸಿನ ಮೊದಲ ವಾರ ವ್ಯಂಜನಗಳ ಪಟ್ಟಿ ಕೊಟ್ರು, ಬಾಯಲ್ಲಿ ಎಲ್ಲಿ ಹುಟ್ಟುತ್ತೆ ಅನ್ನೋ ಪ್ರಕಾರ ಜೋಡಿಸಿದ್ದು. ಪಕ್ಕದ ಅಮೆರಿಕನ್ ಹುಡುಗಿಯರು ಕಾರ್ಡ್ ಮಾಡ್ಕೊಂಡು ಬಾಯಿಪಾಠ ಮಾಡ್ತಿದ್ರು. ನಮ್ಮ ಕ ಚ ಟ ತ ಪ ಇದೆಯಲ್ಲ, ಒಂದು ಸಲ ನಿಧಾನಕ್ಕೆ ಹೇಳಿ ನೋಡಿ, ಈಗಲೇ, ಮೆಟ್ರೋದಲ್ಲಿದ್ರೂ ಪರವಾಗಿಲ್ಲ. ಗಂಟಲ ಹತ್ತಿರದಿಂದ ಹೊರಟು ಒಂದೊಂದೇ ಹೆಜ್ಜೆ ಮುಂದೆ ಬಂದು ತುಟಿಗೆ ನಿಲ್ಲುತ್ತೆ. ಅಲ್ಪಪ್ರಾಣ ಮಹಾಪ್ರಾಣ ಅಂತ ಒಂದನೇ ಕ್ಲಾಸಲ್ಲೇ ಕಲಿತಿದ್ವಿ. ಆ ಪಟ್ಟಿ ನನಗೆ ಹೊಸದಾಗಿರಲಿಲ್ಲ, ಹೆಸರುಗಳು ಮಾತ್ರ ಹೊಸವು.

ಅದೇ ಮಹಾಪ್ರಾಣ ನನ್ನನ್ನ ಕಾಡಿದ್ದೂ ಹೌದು. ಇಂಗ್ಲಿಷಿನಲ್ಲಿ ಪದದ ಮೊದಲಿಗೆ ಬರೋ ‘ಪ’ಗೆ ಅಮೆರಿಕನ್ನರು ಸ್ವಲ್ಪ ಉಸಿರು ಸೇರಿಸ್ತಾರೆ. ನಾವು ಸೇರಿಸಲ್ಲ. ಅದಕ್ಕೇ ನಾನು ‘ಪಾರ್ಕ್’ ಅಂದ್ರೆ ಅವರಿಗೆ ‘ಬಾರ್ಕ್’ ಅಂತ ಕೇಳಿಸಬಹುದು. ಇನ್ನು ದ್ರಾಕ್ಷಾರಸದ ‘ವೈನ್’, ಬಳ್ಳಿಯ ‘ವೈನ್’ ಎರಡೂ ಅವರಿಗೆ ಬೇರೆ ಬೇರೆ ಶಬ್ದ. ನಮಗೆ ಎರಡಕ್ಕೂ ಒಂದೇ ‘ವ’. ಒಂದು ವಿಶ್ವವಿದ್ಯಾಲಯದ ಝೂಮ್ ಮಾಹಿತಿ ಸಭೆಯಲ್ಲಿ ಪ್ರಾಧ್ಯಾಪಕರೊಬ್ಬರು ಎಲ್ಲರೆದುರು ಕೇಳಿದ್ರು, ‘ಈ ಉಚ್ಚಾರ ಇಟ್ಕೊಂಡು ಮಕ್ಕಳಿಗೆ ಶಬ್ದ ಹೇಗೆ ಹೇಳಿಕೊಡ್ತೀರಿ? ಬೇರೆ ಕ್ಷೇತ್ರ ಯೋಚಿಸಿದ್ದೀರಾ?’ ಅಂತ. ಕ್ಯಾಮೆರಾ ಆಫ್ ಮಾಡಿ ಹತ್ತು ನಿಮಿಷ ಸುಮ್ಮನೆ ಕೂತಿದ್ದೆ.

ಆಮೇಲೆ ಹುಡುಕಿ ಓದಿದೆ. ಉಚ್ಚಾರದ ಧಾಟಿ ಬೇರೆ ಅನ್ನೋ ಕಾರಣಕ್ಕೆ ಯಾರನ್ನೂ ಈ ಓದಿನಿಂದ, ಈ ವೃತ್ತಿಯಿಂದ ದೂರ ಇಡಬಾರದು ಅನ್ನೋ ನಿಲುವನ್ನ ಆಶಾ 1998ರಲ್ಲೇ ತಗೊಂಡಿದೆ. ಕಲಿಸಬೇಕಾದ ಶಬ್ದವನ್ನ ಬೇಕಾದಾಗ ಸರಿಯಾಗಿ ಮಾಡಿ ತೋರಿಸೋಕೆ ಬರಬೇಕು, ಅಷ್ಟೇ. ಇದನ್ನ ಕೇಳ್ತಿರೋ ನಿಮ್ಮಲ್ಲಿ ಯಾರಾದ್ರೂ ಅರ್ಜಿ ಹಾಕೋರಿದ್ರೆ, ಈ ಒಂದು ವಿಷಯ ಗಂಟು ಹಾಕಿ ಇಟ್ಕೊಳ್ಳಿ. ಮುಂದೆ ಇನ್ನೊಂದು ಕಡೆ ಇಂಟರ್‌ವ್ಯೂನಲ್ಲಿ ಇದೇ ಪ್ರಶ್ನೆ ಸ್ವಲ್ಪ ಮರ್ಯಾದೆಯಾಗಿ ಬಂತು. ನಾನು ‘ಪಾರ್ಕ್’ನ ಎರಡೂ ಥರ ಹೇಳಿ ತೋರಿಸಿ, ನನ್ನ ತುಟಿ ಏನು ಮಾಡ್ತಿದೆ, ಉಸಿರು ಯಾವಾಗ ಬಿಡ್ತೀನಿ ಅಂತ ವಿವರಿಸಿದೆ. ಹುಟ್ಟಿನಿಂದ ಆ ಶಬ್ದ ಇರೋರಿಗೆ ಅದು ಹೇಗೆ ಆಗುತ್ತೆ ಅಂತ ಯೋಚಿಸೋ ಪ್ರಸಂಗವೇ ಬಂದಿರಲ್ಲ. ಅಲ್ಲಿ ಸೀಟು ಸಿಕ್ಕಿತು.

ಅರ್ಜಿಯ ಕಾಗದ ಪತ್ರದ್ದೇ ಒಂದು ಪುರಾಣ. ನಮ್ಮ ಅಂಕಪಟ್ಟಿಯನ್ನ ಅವರ ಲೆಕ್ಕಕ್ಕೆ ಪರಿವರ್ತಿಸೋ ಸಂಸ್ಥೆಗೆ ಟ್ರಾನ್ಸ್‌ಕ್ರಿಪ್ಟ್ ನೇರವಾಗಿ ವಿಶ್ವವಿದ್ಯಾಲಯದಿಂದಲೇ ಹೋಗಬೇಕು. ಅಮ್ಮ ಈ ಕಡೆ ಅಪ್ಪನನ್ನ ನೋಡ್ಕೋತಾ, ನನ್ನ ಅಧಿಕಾರ ಪತ್ರ ಹಿಡ್ಕೊಂಡು ಒಂದು ಕಚೇರಿಗೆ ನಾಲ್ಕು ಸಲ ಅಲೆದ್ರು. ಒಂದು ಸಲ ಸಹಿ ಮಾಡೋರು ರಜ, ಇನ್ನೊಂದು ಸಲ ಸೀಲ್ ಇಲ್ಲ. ಕೊನೆಯ ದಿನಾಂಕಗಳು ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಬರೋದರಿಂದ ಇದನ್ನ ಬೇಸಿಗೆಯಲ್ಲೇ ಶುರು ಮಾಡಿ. ನನ್ನ 71 ಪರ್ಸೆಂಟ್ ಇಲ್ಲಿ ಡಿಸ್ಟಿಂಕ್ಷನ್. ಅಲ್ಲಿ 71 ಅಂತ ಹಾಗೇ ನೋಡಿದ್ರೆ ‘ಸಿ’ ಗ್ರೇಡ್. ಅದಕ್ಕೇ ಆ ಪರಿವರ್ತನೆಗೆ ಅಷ್ಟು ಬೆಲೆ. ಜಿಆರ್‌ಇ ಈಗ ಹಲವರು ಕೇಳಲ್ಲ, ಒಂದು ತಲೆನೋವು ಕಡಿಮೆ. ಶಿಫಾರಸು ಪತ್ರಗಳು ಸಾಮಾನ್ಯವಾಗಿ ಮೂರು. ಎರಡು ಲೆವೆಲಿಂಗ್ ಕೋರ್ಸಿನ ಅಧ್ಯಾಪಕರಿಂದ, ಒಂದು ನನ್ನ ಹಳೇ ಮ್ಯಾನೇಜರ್‌ರಿಂದ. ಅವರು ಮಾನ್ಯತಾದಲ್ಲಿ ಕೂತು, ‘ನಿನ್ನ ಬಗ್ಗೆ ಏನಂತ ಬರೀಲಿ, ಬಗ್ ಚೆನ್ನಾಗಿ ಹಿಡೀತಾಳೆ ಅಂತಲಾ?’ ಅಂದ್ರು. ಹಾಗೇ ಬರೀರಿ ಸರ್, ಅಂದೆ.

ಯಾಕೆ ಈ ಓದು ಅಂತ ಬರೆಯೋ ಪ್ರಬಂಧದಲ್ಲಿ ಅಪ್ಪನ ಬಗ್ಗೆ ಎರಡೇ ಸಾಲು ಬರೆದೆ. ಮನೆಯಲ್ಲಿ ಯಾರಿಗೋ ಹುಷಾರಿಲ್ಲದ್ದು ಆ ಕಂತೆಯಲ್ಲಿ ಎಷ್ಟು ಜನ ಬರೆದಿರ್ತಾರೋ. ಉಳಿದಿದ್ದೆಲ್ಲ ಬೇರೆ ವಿಷಯ. ನಮ್ಮ ಕಡೆಯ ಎಷ್ಟೋ ತಂದೆ ತಾಯಿ ಅಲ್ಲಿ ಮಗುವಿಗೆ ಮಾತು ತಡ ಆದ ಕೂಡಲೇ ಮನೆಯಲ್ಲಿ ಕನ್ನಡ ನಿಲ್ಲಿಸಿಬಿಡ್ತಾರೆ. ಎರಡು ಭಾಷೆಯಿಂದ ಗೊಂದಲ ಆಗಿ ಮಾತು ತಡ ಆಗುತ್ತೆ ಅನ್ನೋದಕ್ಕೆ ಸಂಶೋಧನೆಯ ಆಧಾರ ಇಲ್ಲ. ನಿಜವಾದ ತೊಂದರೆ ಇದ್ರೆ ಅದು ಎರಡೂ ಭಾಷೆಯಲ್ಲಿ ಕಾಣಿಸುತ್ತೆ. ಅಮೆರಿಕದ ಕಾನೂನೂ, ಸಾಧ್ಯವಾದ ಕಡೆ ಮಗುವಿನ ಮನೆಮಾತಿನಲ್ಲೇ ಪರೀಕ್ಷೆ ಮಾಡಿ ಅನ್ನುತ್ತೆ. ಮಾಡೋರು ಬೇಕಲ್ಲ! ಕನ್ನಡ ಬರೋ ಥೆರಪಿಸ್ಟ್ ಎಲ್ಲಿ ಸಿಗ್ತಾರೆ? ಇಲ್ಲಿ ಒಬ್ಬಳಿದ್ದಾಳೆ ಅಂತ ಬರೆದೆ. ಏಳು ಕಡೆ ಅರ್ಜಿ, ನಾಲ್ಕು ಕಡೆ ಇಲ್ಲ, ಒಂದು ಕಡೆ ವೇಟ್‌ಲಿಸ್ಟ್, ಎರಡು ಕಡೆ ಸೀಟು. 2022ರಲ್ಲಿ ಸೇರಿದೆ.

ದುಡ್ಡಿನ ಮಾತು ಮುಚ್ಚಿಡಲ್ಲ. ಎಚ್-4ನಲ್ಲಿ ಇರೋರಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ, ನೆರವು ಸಿಗಲ್ಲ. ಆ ರಾಜ್ಯದವರಿಗಿರೋ ಕಡಿಮೆ ಫೀಸು ಸಿಗುತ್ತೋ ಇಲ್ಲವೋ ಅನ್ನೋದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಾವು ಮನೆ ಕೊಳ್ಳೋಕೆ ಕೂಡಿಟ್ಟಿದ್ದು ಪೂರ್ತಿ ಇದಕ್ಕೇ ಹೋಯ್ತು. ಇನ್ನೂ ಬಾಡಿಗೆ ಮನೆಯಲ್ಲೇ ಇದ್ದೀವಿ. ಓದುವಾಗ 400 ಗಂಟೆ ಕ್ಲಿನಿಕಲ್ ಅನುಭವ ಆಗಬೇಕು, 25 ನೋಡಿ ಕಲಿಯೋದು, 375 ಕೈಯಾರೆ. ಓದು ಮುಗಿದ ಮೇಲೆ 36 ವಾರದ ಕ್ಲಿನಿಕಲ್ ಫೆಲೋಶಿಪ್, 1,260 ಗಂಟೆ. ಅದು ಸಂಬಳದ ಕೆಲಸ, ಹಾಗಾಗಿ ಕೆಲಸದ ಅನುಮತಿ ಬೇಕು. ಎಚ್-4ನಲ್ಲಿರೋ ಕೆಲವರಿಗೆ 2015ರಿಂದ ಆ ಅನುಮತಿ ಸಿಗ್ತಿದೆ, ಗಂಡನ ಅಥವಾ ಹೆಂಡತಿಯ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ರೆ. ನನ್ನದು ಸರಿಯಾಗಿ ಆ ಹೊತ್ತಿಗೆ ಬಂತು. ಬರದೇ ಇದ್ದಿದ್ರೆ? ಡಿಗ್ರಿ ಗೋಡೆಗೆ, ನಾನು ಅಡುಗೆಮನೆಗೆ. ನನ್ನ ಜೊತೆ ಓದಿದ ಚೆನ್ನೈ ಹುಡುಗಿಗೆ ಹಾಗೇ ಆಯ್ತು, ಒಂದೂವರೆ ವರ್ಷ ಕಾದಳು. ಸೀಟು ಒಪ್ಪಿಕೊಳ್ಳೋ ಮೊದಲು ವೀಸಾ ವಕೀಲರ ಹತ್ತಿರ ಒಂದು ಗಂಟೆ ಕೂತ್ಕೊಳ್ಳಿ, ಫೀಸು ಹೋದ್ರೂ ಪರವಾಗಿಲ್ಲ. ಇನ್ನೊಂದು: ಭಾರತದ ಬಿಎಎಸ್‌ಎಲ್‌ಪಿ ಮಾಡಿ ಅಲ್ಲಿಗೆ ಹೋದ್ರೂ ತಾನಾಗೇ ಮಾನ್ಯತೆ ಸಿಗಲ್ಲ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದಂಥ ಕೆಲವು ದೇಶಗಳ ಜೊತೆ ಆಶಾಗೆ ಪರಸ್ಪರ ಒಪ್ಪಂದ ಇದೆ, ಭಾರತದ ಜೊತೆ ಇಲ್ಲ.

ಅಪ್ಪ ಹೇಗಿದ್ದಾರೆ ಅಂತ ಕೇಳ್ತೀರಿ. ಚೆನ್ನಾಗಿದ್ದಾರೆ. ಉದ್ದ ವಾಕ್ಯ ಬರಲ್ಲ, ಎರಡು ಮೂರು ಪದ ಜೋಡಿಸ್ತಾರೆ. ‘ಕಾಫಿ, ಬಿಸಿ, ಬೇಗ’ ಅಂತಾರೆ. ಅಮ್ಮನಿಗೆ ಅಷ್ಟು ಸಾಕು, ಮೊದಲೂ ಅದಕ್ಕಿಂತ ಹೆಚ್ಚೇನೂ ಹೇಳ್ತಿರಲಿಲ್ಲ ಅಂತಾರೆ.

ಈ ಸಲ ಮೂರು ವಾರಕ್ಕೆ ಬಂದಿದ್ದೀನಿ. ವಾಪಸ್ ಹೋದ ತಕ್ಷಣ ನಾಲ್ಕು ವರ್ಷದ ಒಬ್ಬ ಕನ್ನಡದ ಹುಡುಗನನ್ನ ನೋಡಬೇಕು. ಅಲ್ಲಿನ ಚಿತ್ರದ ಕಾರ್ಡಲ್ಲಿ ಹಿಮದ ಕೈಚೀಲ, ಕುದುರೆ ಲಾಯ ಇರುತ್ತೆ. ಅವನ ಮನೆಯಲ್ಲಿ ಅದ್ಯಾವುದೂ ಇಲ್ಲ. ಅದಕ್ಕೇ ನಿನ್ನೆ ಬೆಳಿಗ್ಗೆ 8ನೇ ಕ್ರಾಸ್ ಮಾರ್ಕೆಟ್‌ಗೆ ಹೋಗಿ ಒಂದೊಂದನ್ನೇ ಫೋನಲ್ಲಿ ಫೋಟೋ ತೆಗೆದೆ. ಬಾಳೆಹಣ್ಣು, ಬೆಂಡೆಕಾಯಿ, ಕೊಡ, ತಟ್ಟೆ, ಮಲ್ಲಿಗೆ ಮೊಳ. ಹೂವಿನಮ್ಮ, ‘ಕೊಳ್ಳಲ್ಲ, ಬರೀ ಫೋಟೋ ತೆಗೀತೀಯಾ?’ ಅಂತ ಬೈದ್ರು. ಎರಡು ಮೊಳ ತಗೊಂಡೆ. ಒಟ್ಟು ನಲವತ್ತೆರಡು ಚಿತ್ರ ಆಗಿದೆ. ‘ಳ’ ಮತ್ತೆ ‘ಣ’ ಬರೋ ವಸ್ತುಗಳು ಇನ್ನೂ ಬೇಕು, ನಿಮಗೆ ಹೊಳೆದ್ರೆ ಕಾಮೆಂಟಲ್ಲಿ ಹಾಕಿ.