ಕಾಣಲಿಲ್ಲವೆಂದರೆ ಇಲ್ಲವೆಂದಲ್ಲ

ತುರುವನೂರಿನ ರೈತನೊಬ್ಬನಿಗೆ ಎರಡು ವಾರ ಮೀರಿದರೂ ಕೆಮ್ಮು ಬಿಟ್ಟಿಲ್ಲವೆಂದು ಭಾವಿಸೋಣ. ಕಫವನ್ನು ಪರೀಕ್ಷಿಸಿದವರು “ಕ್ಷಯದ ರೋಗಾಣು ಕಾಣಲಿಲ್ಲ” ಎಂದು ಚೀಟಿ ಕೊಟ್ಟರು. ಮನೆಯವರು ನಿಶ್ಚಿಂತರಾದರು. ಕಾಣದ್ದನ್ನು ಇಲ್ಲವೆಂದು ಓದಿಕೊಳ್ಳುವ ಈ ತಪ್ಪನ್ನು, ನಾಲ್ಕಕ್ಷರ ಬಲ್ಲ ನಾವೂ ಮಾಡುತ್ತೇವೆ. ಆ ಮನೆಯಲ್ಲಿ ಹಸುಗೂಸಿದ್ದರೆ ಗತಿಯೇನು?

ಈ ರೋಗಾಣುವಿನ ಮೈಮೇಲೆ ಮೇಣದಂಥ ಪದರವುಂಟು. ಅದು ಒಮ್ಮೆ ಹೀರಿದ ಕೆಂಪು ಬಣ್ಣವನ್ನು ಆಮ್ಲದಿಂದ ತೊಳೆದರೂ ಬಿಡದು. ಸೂಕ್ಷ್ಮದರ್ಶಕದ ಪರೀಕ್ಷೆಗೆ ಇದೇ ಆಧಾರ. ಆದರೆ ಒಂದು ಮಿಲಿಲೀಟರ್ ಕಫದಲ್ಲಿ 5,000ದಿಂದ 10,000 ರೋಗಾಣುಗಳಾದರೂ ಇಲ್ಲದಿದ್ದರೆ ಅವು ಕಣ್ಣಿಗೆ ಬೀಳುವುದು ಕಷ್ಟ. ಕಫಕ್ಕೆ ಬದಲಾಗಿ ಉಗುಳನ್ನು ಕೊಟ್ಟುಬಂದರಂತೂ ಪರೀಕ್ಷಕನು ತಾನೇ ಏನು ಮಾಡಿಯಾನು! ರೋಗಾಣುವನ್ನು ಬೆಳೆಸಿ ನೋಡುವ ಕ್ರಮದಲ್ಲಿ 10ರಿಂದ 100 ಇದ್ದರೂ ಸಾಕು. ಆದರೆ ವಾರಗಟ್ಟಲೆ ಕಾಯಬೇಕು.

2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಒಪ್ಪಿದ ಜೀನ್ ಎಕ್ಸ್‌ಪರ್ಟ್ ಪರೀಕ್ಷೆಯು ಸುಮಾರು ಎರಡು ಗಂಟೆಗಳಲ್ಲಿ ರೋಗಾಣುವಿನ ಡಿ.ಎನ್.ಎ.ಯನ್ನೇ ಗುರುತಿಸುತ್ತದೆ, ರಿಫಾಂಪಿಸಿನ್ ಔಷಧಕ್ಕೆ ಅದು ಜಗ್ಗುವುದೋ ಇಲ್ಲವೋ ಎಂಬುದನ್ನೂ ತಿಳಿಸುತ್ತದೆ. ಅದಕ್ಕೂ ಊನವುಂಟು: ಸತ್ತ ರೋಗಾಣುವಿಗೂ ಬದುಕಿರುವುದಕ್ಕೂ ಭೇದವನ್ನು ಅದು ಅರಿಯದು. ಹಿಂದೆ ಚಿಕಿತ್ಸೆ ಪಡೆದು ಗುಣವಾದವನಲ್ಲಿಯೂ “ಉಂಟು” ಎಂದುಬಿಡಬಹುದು.

ರಕ್ತದಲ್ಲಿ ಪ್ರತಿಕಾಯಗಳನ್ನು ಹುಡುಕಿ ಕ್ಷಯವನ್ನು ನಿರ್ಣಯಿಸುತ್ತಿದ್ದ ಪರೀಕ್ಷೆಗಳ ಕಥೆಯೇ ಬೇರೆ. ಅವು ನಂಬತಕ್ಕವಲ್ಲವೆಂದು ಭಾರತ ಸರ್ಕಾರವು 2012ರಲ್ಲಿ ನಿಷೇಧಿಸಿತು. ಅದಕ್ಕೆ ಮೊದಲು ಹಣ ತೆತ್ತು ಸುಳ್ಳನ್ನು ಕೊಂಡವರೆಷ್ಟೋ!

ನಮ್ಮ ರೈತನ ಚೀಟಿಗೆ ಮರಳೋಣ. ಕೆಮ್ಮು, ಸಂಜೆಯ ಜ್ವರ, ಮೈಯಿಳಿತ ನಿಲ್ಲದಿದ್ದರೆ ಅವನು ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಹೋಗಲಿ. ಬೆಳಗ್ಗೆ ಎದ್ದೊಡನೆ ಎದೆಯಾಳದಿಂದ ಕೆಮ್ಮಿ ತೆಗೆದ ಕಫವನ್ನು ಮತ್ತೊಮ್ಮೆ ಕೊಡಲಿ. ಹಳೆಯ ಚೀಟಿಯನ್ನೂ ವೈದ್ಯರಿಗೆ ತೋರಿಸಲಿ.