ಒಗ್ಗರಣೆಗೆ ಮೊದಲಿನ ಬ್ಲೇಡ್ ರನ್ನರ್



'ನಿನಗಿಷ್ಟವಾದ ಯಾವುದಾದರೂ ವಿಷಯದ ಮೇಲೆ ಮಾತಾಡು' ಎಂದು ವೇದಿಕೆಯ ಅಕ್ಕಂದಿರು ಹೇಳಿದಾಗ ನನಗೆ ಹೊಳೆದದ್ದು 'ಬ್ಲೇಡ್ ರನ್ನರ್' ಸಿನಿಮಾ. ಎಂಟೆಕ್ ಓದುವಾಗ ಹಾಸ್ಟೆಲಿನಲ್ಲಿ ಮೊದಲ ಸಲ ನೋಡಿದ್ದೆ. ಆಮೇಲೆ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. 'ಮತ್ತೆ ಅದೇ ಮಳೆಯಾ?' ಎಂದು ನಮ್ಮ ಯಜಮಾನರು ಎದ್ದು ಹೋಗುತ್ತಾರೆ.

ನೋಡದವರಿಗೆ ಚುಟುಕಾಗಿ ಹೇಳುತ್ತೇನೆ. 1982ರಲ್ಲಿ ರಿಡ್ಲಿ ಸ್ಕಾಟ್ ತೆಗೆದ ಚಿತ್ರ; ಕಥೆ ನಡೆಯುವುದು 2019ರ ಲಾಸ್ ಏಂಜಲೀಸ್‌ನಲ್ಲಿ. ಮನುಷ್ಯರಂತೆಯೇ ಕಾಣುವ, ನಾಲ್ಕೇ ವರ್ಷ ಆಯುಸ್ಸಿನ ಕೃತಕ ಜೀವಿಗಳು ತಪ್ಪಿಸಿಕೊಂಡು ಭೂಮಿಗೆ ಬಂದಿವೆ. ಡೆಕರ್ಡ್ ಎಂಬಾತ ಅವನ್ನು ಹುಡುಕಿ ಕೊಲ್ಲಬೇಕು.

ಕಳೆದ ತಿಂಗಳು ನಾನು ನೋಡಿದ್ದು ಇದರ ವರ್ಕ್‌ಪ್ರಿಂಟ್, ಅಂದರೆ ಕೆಲಸ ಮುಗಿಯುವ ಮೊದಲಿನ ಪ್ರತಿ. 2007ರಲ್ಲಿ ಬಂದ ಐದು ಡಿಸ್ಕ್‌ಗಳ ಪೆಟ್ಟಿಗೆಯಲ್ಲಿ ಅದೂ ಒಂದು. ಸಹೋದ್ಯೋಗಿಯೊಬ್ಬರಿಂದ ಎರವಲು ತಂದೆ. ಒಗ್ಗರಣೆ ಹಾಕುವ ಮೊದಲೇ ಸಾರನ್ನು ಅಂಗೈಗೆ ಹಾಕಿಕೊಂಡು ರುಚಿ ನೋಡಿದ ಹಾಗಿತ್ತು. ಬಣ್ಣ ಮಾಸಲು. ಕೊನೆಯ ಹೊಡೆದಾಟಕ್ಕೆ ವ್ಯಾಂಜೆಲಿಸ್ ಸಂಗೀತವಿಲ್ಲ, ಸದ್ಯಕ್ಕಿರಲಿ ಎಂದು ಬೇರೆ ಎಲ್ಲಿಂದಲೋ ತಂದು ಅಂಟಿಸಿದ ವಾದ್ಯಗಳು. ಆದರೆ ಡೆಕರ್ಡ್ ಕಥೆಯುದ್ದಕ್ಕೂ ನಮಗೆ ವಿವರಿಸುತ್ತಾ ಹೋಗುವ ಆ ಬೇಸರದ ಧ್ವನಿ ಇಲ್ಲ. ಒಂದೇ ಕಡೆ, ಕೊನೆಗೆ ಬ್ಯಾಟಿ ಸತ್ತಾಗ, ನಾಲ್ಕು ಮಾತು. ಕಾರಿನಲ್ಲಿ ಹಸಿರು ಬೆಟ್ಟಗಳತ್ತ ಹೋಗುವ ಸುಖಾಂತವೂ ಇಲ್ಲ. ಲಿಫ್ಟಿನ ಬಾಗಿಲು ಮುಚ್ಚುತ್ತದೆ, ಅಷ್ಟೆ.

ಇದನ್ನೇ 1982ರ ಮಾರ್ಚ್‌ನಲ್ಲಿ ಡೆನ್ವರ್ ಮತ್ತು ಡಲ್ಲಾಸ್‌ನಲ್ಲಿ ಪ್ರೇಕ್ಷಕರಿಗೆ ಪರೀಕ್ಷೆಗೆಂದು ತೋರಿಸಿದ್ದರು. ಅರ್ಥವಾಗಲಿಲ್ಲ ಎಂದರು ಜನ. ಹಣ ಹಾಕಿದವರು ಗಾಬರಿಯಾದರು. ವಿವರಣೆ ಬಂತು, ಸುಖಾಂತ ಬಂತು. ಆ ಬೆಟ್ಟಗಳ ದೃಶ್ಯವೋ, ಕುಬ್ರಿಕ್ ತಮ್ಮ 'ದಿ ಶೈನಿಂಗ್'ಗೆ ಚಿತ್ರಿಸಿ ಉಳಿಸಿದ್ದ ರೀಲು! ನನಗನ್ನಿಸುವುದು, ಜನ ಹೇಳಿದ್ದು ಸುಳ್ಳಲ್ಲ, ಅವರಿಗೆ ಗೊಂದಲವಾದದ್ದು ನಿಜ. ಕೊಟ್ಟ ಮದ್ದು ಸರಿಯಿರಲಿಲ್ಲ.

ಟೆಸ್ಟಿಂಗ್ ಮಾಡುವ ಗೆಳತಿಯರಿಗೆ ಇನ್ನೊಂದು ತಮಾಷೆ. ಬಿಡುಗಡೆಯಾದ ಚಿತ್ರದಲ್ಲಿ, ಆರು ಜನ ತಪ್ಪಿಸಿಕೊಂಡರು, ಒಬ್ಬ ಸತ್ತ ಎನ್ನುತ್ತಾನೆ ಪೊಲೀಸ್ ಅಧಿಕಾರಿ. ಐದು ಉಳಿಯಬೇಕು, ಕಾಣುವುದು ನಾಲ್ಕೇ. ವರ್ಕ್‌ಪ್ರಿಂಟಿನಲ್ಲಿ 'ಇಬ್ಬರು' ಸತ್ತರು ಎನ್ನುತ್ತಾನೆ, ಲೆಕ್ಕ ಸರಿ! ಅರೆಬರೆ ಪ್ರತಿಯಲ್ಲಿ ಸರಿಯಾಗಿದ್ದ ಬಗ್, 'ಮುಗಿದ' ಪ್ರತಿಯಲ್ಲಿ ಹಾಗೇ ಕೂತಿತ್ತು. 2007ರ ಫೈನಲ್ ಕಟ್‌ನಲ್ಲಷ್ಟೇ ಅದು ಹೋಯಿತು.

ಇದೆಲ್ಲ ನನಗೇಕೆ ನಾಟಿತೆಂದರೆ, ಮಗು ಹುಟ್ಟಿದ ಮೇಲೆ ರಜೆ ಮುಗಿಸಿ ಕೆಲಸಕ್ಕೆ ಮರಳಿದಾಗ ನಾನೊಂದು ವಿನ್ಯಾಸ ಬರೆದಿದ್ದೆ. 'ಇವಳಿಗೆ ಮರೆತುಹೋಗಿದೆ' ಅಂದಾರು ಎಂಬ ಭಯ. ಎರಡು ತಿಂಗಳು ಯಾರಿಗೂ ತೋರಿಸದೆ ತಿದ್ದಿದೆ, ಚಿತ್ರ ಬಿಡಿಸಿದೆ, ಬಣ್ಣ ಬದಲಿಸಿದೆ. ತೋರಿಸುವ ಹೊತ್ತಿಗೆ ಬೇರೆಯವರದ್ದು ಒಪ್ಪಿಗೆಯಾಗಿತ್ತು. ನನ್ನ ಕಡತ ಇವತ್ತಿಗೂ ಲ್ಯಾಪ್‌ಟಾಪಿನಲ್ಲಿದೆ, ತುಂಬಾ ಚೆನ್ನಾಗಿದೆ. ಯಾರೂ ತೆರೆದಿಲ್ಲ.

ಆ ವರ್ಕ್‌ಪ್ರಿಂಟ್ ಹಾಗಲ್ಲ. 1990ರಲ್ಲಿ ಲಾಸ್ ಏಂಜಲೀಸ್‌ನ ಒಂದು ಚಿತ್ರಮಂದಿರದಲ್ಲಿ ಅದನ್ನು ತೋರಿಸಿದರು. ನೋಡಿದವರ ಉತ್ಸಾಹದಿಂದಲೇ ಮುಂದೆ 1992ರ ಡೈರೆಕ್ಟರ್ಸ್ ಕಟ್‌ಗೆ ದಾರಿಯಾಯಿತು. ಸ್ಕಾಟ್‌ಗೆ ಆ ಕಚ್ಚಾ ಪ್ರತಿಯ ಬಗ್ಗೆ ಸಮಾಧಾನವಿರಲಿಲ್ಲ, ಪಾಪ. ನಮಗೂ ಹಾಗೇ ಅಲ್ಲವೇ, ನೆಂಟರು ಹೇಳದೆ ಬಂದರೆ?

ಮೂಲ ಕಾದಂಬರಿ ಬರೆದ ಫಿಲಿಪ್ ಕೆ. ಡಿಕ್ ಪೂರ್ತಿ ಸಿನಿಮಾ ನೋಡಲೇ ಇಲ್ಲ. 1982ರ ಮಾರ್ಚ್ 2ರಂದು ತೀರಿಕೊಂಡರು. ಅದಕ್ಕೆ ಮೊದಲು ಕೆಲವೇ ನಿಮಿಷಗಳ ಬಿಡಿ ದೃಶ್ಯಗಳನ್ನು ಅವರಿಗೆ ತೋರಿಸಿದ್ದರು. ನೋಡಿ ಬೆರಗಾದರಂತೆ. ಚಿತ್ರ ಮುಗಿಯಲಿ ಎಂದು ಕಾದಿದ್ದರೆ ಅದೂ ಅವರಿಗೆ ಸಿಗುತ್ತಿರಲಿಲ್ಲ.

ನಾಡಿದ್ದು ಸೋಮವಾರ ಇನ್ನೊಂದು ವಿನ್ಯಾಸವನ್ನು ತಂಡದ ಮುಂದಿಡುತ್ತಿದ್ದೇನೆ. ಅರ್ಧವೇ ಆಗಿದೆ, ಎರಡು ಪುಟ ಖಾಲಿ. ಈಗಲೇ ಎದೆ ಡವಡವ ಅನ್ನುತ್ತಿದೆ.