ತುದಿಯಲ್ಲೇ ಏಕೆ ಅಷ್ಟು ಹೊಳಪು?

ಮಕ್ಕಳೇ, ರಾಜಹಂಸ ನಕ್ಷತ್ರಪುಂಜದ ದಿಕ್ಕಿನಲ್ಲಿ, ಸುಮಾರು 75 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಸಿಗ್ನಸ್ ಎ ಎಂಬ ಗೆಲಾಕ್ಸಿ ಇದೆ. ಅಲ್ಲಿಂದ ಬರುವ ರೇಡಿಯೋ ಅಲೆಗಳು ಬಹಳ ಪ್ರಬಲ. 1953ರಲ್ಲಿ ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್‌ನಲ್ಲಿ ಜೆನ್ನಿಸನ್ ಮತ್ತು ನಮ್ಮ ದೇಶದವರೇ ಆದ ಮೃಣಾಲ್ ಕುಮಾರ್ ದಾಸ್‌ಗುಪ್ತ ಆ ಅಲೆಗಳನ್ನು ದೂರ ದೂರದ ಆಂಟೆನಾಗಳಲ್ಲಿ ಹಿಡಿದು ಹೋಲಿಸಿ ನೋಡಿದರು. ಅಲೆಗಳ ಮೂಲ ಒಂದಲ್ಲ, ಎರಡು! ಗೆಲಾಕ್ಸಿಯ ಆಚೆ ಒಂದು, ಈಚೆ ಒಂದು.

1984ರಲ್ಲಿ ಅಮೆರಿಕದ ವಿಎಲ್‌ಎ ದೂರದರ್ಶಕದ ಚಿತ್ರ ಬಂದಾಗ ಗುಟ್ಟು ಬಯಲಾಯಿತು. ನಡುವೆ ಒಂದು ಚುಕ್ಕೆ. ಅದರಿಂದ ಹೊರಟ ಸಪೂರ ಗೆರೆ. ಬಹಳ ದೂರ ಸಾಗಿದ ಮೇಲೆ, ತುದಿಯಲ್ಲಿ ಪ್ರಖರವಾದ ಕಲೆ. ಗೆರೆಯೇ ಜೆಟ್, ಕಲೆಯೇ ಹಾಟ್‌ಸ್ಪಾಟ್.

ನಡುವಿನ ಚುಕ್ಕೆಯಲ್ಲಿರುವುದು ದೈತ್ಯ ಕಪ್ಪುಕುಳಿ. ಒಳಗೆ ಬಿದ್ದದ್ದು ಮರಳಿ ಬರುವುದಿಲ್ಲ, ನಿಜ. ಆದರೆ ಬೀಳುವ ಮೊದಲೇ, ಸುತ್ತ ತಿರುಗುವ ಅನಿಲದ ಒಂದು ಪಾಲನ್ನು ಕಾಂತಕ್ಷೇತ್ರ ಎರಡೂ ಕಡೆಗೆ ಚಿಮ್ಮಿಸುತ್ತದೆ. ವೇಗ ಬೆಳಕಿನ ವೇಗಕ್ಕೆ ಹತ್ತಿರ.

ಪೈಪಿನ ನೀರನ್ನು ಗೋಡೆಗೆ ಹಿಡಿದು ನೋಡಿದ್ದೀರಲ್ಲ? ಧಾರೆ ನೆಟ್ಟಗೆ ಹೋಗಿ ಬಡಿಯುತ್ತದೆ, ಬಡಿದ ನೀರು ಸುತ್ತಲೂ ಚೆದುರಿ ಹಿಂದಕ್ಕೆ ಸಿಡಿಯುತ್ತದೆ. ಇಲ್ಲಿ ಗೋಡೆಯ ಕೆಲಸ ಮಾಡುವುದು ಗೆಲಾಕ್ಸಿಗಳ ನಡುವಿನ ಅನಿಲ. ಅದು ತೀರಾ ತೆಳು. ಜೆಟ್ ಅದಕ್ಕಿಂತಲೂ ತೆಳು, ಅದಕ್ಕೇ ತಡೆ ಬೀಳುತ್ತದೆ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಸೋಜಿಗ ಎನಿಸುವುದು ಇದೇ.

ಬಡಿದ ಜಾಗದಲ್ಲಿ ಎಲೆಕ್ಟ್ರಾನುಗಳಿಗೆ ಹೊಸ ಶಕ್ತಿ ಸಿಗುತ್ತದೆ. ಅವು ಕಾಂತಕ್ಷೇತ್ರದಲ್ಲಿ ಸುರುಳಿ ಸುರುಳಿಯಾಗಿ ಸುತ್ತುತ್ತಾ ರೇಡಿಯೋ ಅಲೆ ಹೊಮ್ಮಿಸುತ್ತವೆ. ಹಾಟ್‌ಸ್ಪಾಟ್ ಹೊಳೆಯುವುದು ಹೀಗೆ. ಆಮೇಲೆ ಅವು ಹಿಂದಕ್ಕೆ ಹರಡಿ ದೊಡ್ಡ ಮೋಡಗಳಾಗುತ್ತವೆ. ಅವಕ್ಕೆ ಲೋಬ್ ಎಂದು ಹೆಸರು. ಹೆಚ್ಚು ಶಕ್ತಿಯ ಎಲೆಕ್ಟ್ರಾನುಗಳು ಬೇಗ ಸೊರಗುತ್ತವೆ. ಹಾಗಾಗಿ ಲೋಬಿನ ಯಾವ ಭಾಗದಲ್ಲಿ ಯಾವ ಅಲೆ ಕಡಿಮೆಯಾಗಿದೆ ಎಂದು ಅಳೆದು, ಅದರ ವಯಸ್ಸನ್ನು ವಿಜ್ಞಾನಿಗಳು ಅಂದಾಜು ಮಾಡುತ್ತಾರೆ.

ಒಂದು ಲೋಬಿನ ತುದಿಯಿಂದ ಇನ್ನೊಂದರ ತುದಿಗೆ ಲಕ್ಷಾಂತರ ಜ್ಯೋತಿರ್ವರ್ಷ! ನಮ್ಮ ಇಡೀ ಆಕಾಶಗಂಗೆಯ ಅಡ್ಡಗಲವೇ ಸುಮಾರು 1 ಲಕ್ಷ ಜ್ಯೋತಿರ್ವರ್ಷ.

ಸೆಪ್ಟೆಂಬರ್ ಕೊನೆಯಲ್ಲಿ ರಾತ್ರಿ ಎಂಟರ ಹೊತ್ತಿಗೆ ಉತ್ತರಕ್ಕೆ ಮುಖ ಮಾಡಿ ತಲೆಯೆತ್ತಿದರೆ ರಾಜಹಂಸ ಕಾಣುತ್ತದೆ. ಸಿಗ್ನಸ್ ಎ ಮಾತ್ರ ಬರಿಗಣ್ಣಿಗೆ ಕಾಣದು. ಆದರೂ ದೊಡ್ಡವರನ್ನು ಕರೆದುಕೊಂಡು ಹೋಗಿ, ಅದು ಇರುವ ದಿಕ್ಕನ್ನು ಅವರಿಗೆ ತೋರಿಸಿ.